ಚಿಲಕ ಹಾಕದ ಕೋಣೆ

ಒಳಗಿನಿಂದ ಚಿಲಕ ಹಾಕಲು ನೋಡಿದರೆ ಅದು ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಬೀಗ ರಿಪೇರಿಯಲ್ಲೇ ತಲೆ ನರೆತ ಮನುಷ್ಯ, ತನ್ನ ಮನೆಯ ಚಿಲಕದ ಮುಂದೆ ಸೋತು ನಿಂತ. ಹಿಂದೆ ಚಾಪೆಯ ಮೇಲೆ ಅವನ ಹೆಂಡತಿಯ ಹೆಣವಿತ್ತು. ಹೊರಡಿಸುವ ಮುಂಚೆ ಒಂದು ಗಂಟೆ ಅವಳು ಅವಳ ಕೋಣೆಯಲ್ಲಿರಲಿ, ಯಾರೂ ಕರೆಯಕೂಡದು ಎಂದು ಹಟ ಹಿಡಿದು ಒಳಗೆ ತರಿಸಿದ್ದ.

ಹಟಕ್ಕೆ ಕಾರಣವಿತ್ತು. ಕೊನೆಯ ವಾರ ಆಸ್ಪತ್ರೆಯಲ್ಲಿ ಅವಳು ಅಂದಿದ್ದಳು: "ದೇವರ ಮುಂದೆ ಒಂದಿನಾನೂ ನೆಟ್ಟಗೆ ಕೂರ್ಲಿಲ್ಲ ನೋಡಿ ನಾನು." ಕೂರಲು ಬಿಡದವನು ತಾನೇ ಎಂದು ಅಂದಿನಿಂದ ಅವನಿಗೆ ಒಳಗೊಳಗೇ ಕುಟುಕುತ್ತಿತ್ತು.

*

ಮದುವೆಯಾದ ಹೊಸತರಲ್ಲಿ ಅವಳು ಕೇಳಿದ್ದು ಒಡವೆಯಲ್ಲ, ಹಳೇ ಸಾಮಾನು ತುಂಬಿದ್ದ ಈ ಪುಟ್ಟ ಕೋಣೆ. ದಿನಾ ಸಂಜೆ ಒಂದು ಗಂಟೆ ಧ್ಯಾನ; ಆಗ ತನ್ನನ್ನು ಕರೆಯಬಾರದು. ಅವನು ಖುಷಿಯಿಂದ ಹಿತ್ತಾಳೆಯ ಚಿಲಕ ಕೂರಿಸಿಕೊಟ್ಟ. ಆಮೇಲೆ ಮೊದಲು ಕರೆದವನೂ ಅವನೇ. "ಏನೇ, ನನ್ನ ಕನ್ನಡಕ ಎಲ್ಲಿ?" ಕನ್ನಡಕ ಹಣೆಯ ಮೇಲೇ ಇರುತ್ತಿತ್ತು.

ಮಗಳಿಗೆ ಜಡೆ, ಪಕ್ಕದ ಮನೆಯವಳಿಗೆ ಸೂಜಿ, ಒಲೆಯ ಮೇಲೆ ಹಾಲು. ಯಾರು ಕರೆದರೂ "ಬಂದೆ" ಎನ್ನುತ್ತ ಬರುವಳು, ಬಂದಮೇಲೆ ಸಿಡುಕುವಳು. ದೇವರನ್ನೂ ತನ್ನನ್ನೂ ಈ ಮನೆಯವರು ಒಟ್ಟಿಗೆ ಇರಗೊಡುವುದಿಲ್ಲ ಎಂದು ಗೊಣಗುತ್ತಲೇ ಟೀವಿಯ ಮುಂದೆ ನಿಂತು, ಧಾರಾವಾಹಿಯ ಸೊಸೆ ಮನೆ ಬಿಟ್ಟಳೋ ಇಲ್ಲವೋ ಎಂದು ವಿಚಾರಿಸಿಕೊಳ್ಳುವಳು.

*

ಅವನು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ. ಮಗಳ ಮದುವೆಗೆ ಹೊಡೆಸಿದ ಬಣ್ಣ ಚಿಲಕದ ಮೇಲೂ ಹರಿದು, ತೆರೆದಿದ್ದ ಹಾಗೆಯೇ ಅದನ್ನು ಬಾಗಿಲಿಗೆ ಅಂಟಿಸಿತ್ತು. ಬಣ್ಣ ಎಲ್ಲೂ ಬಿರಿದಿರಲಿಲ್ಲ. ಮೊಮ್ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಇಷ್ಟು ವರ್ಷ ಹೆಂಡತಿ ಚಿಲಕ ಹಾಕಿಯೇ ಇರಲಿಲ್ಲ.

ಹೊರಗೆ ಹೋಗಿ ಮಗಳನ್ನು ಕೇಳಿದ. ಅವಳು ಅಳುತ್ತಲೇ ನಕ್ಕಳು. "ಕಣ್ಣು ಮುಚ್ಚಿದ್ರೆ ದೇವ್ರು ಕಾಣಲ್ಲ ಕಣೇ, ಸೀರಿಯಲ್ಲೇ ಕಾಣುತ್ತೆ, ಯಾರಾದ್ರೂ ಕರೆದ್ರೆ ಸಾಕು ಅನ್ಸುತ್ತೆ ಅಂತಿದ್ಲು ಅಮ್ಮ."

ಪಕ್ಕದ ಮನೆಯ ಟೈಲರಮ್ಮ ಅದನ್ನು ಒಪ್ಪಲಿಲ್ಲ. ಗಂಡ ಬಿಟ್ಟುಹೋದ ಸಂಜೆ ಅವಳು ಇಲ್ಲಿಗೆ ಬಂದು, ತಟ್ಟಲು ಧೈರ್ಯವಾಗದೆ ಬಾಗಿಲನ್ನು ಮೆಲ್ಲಗೆ ತಳ್ಳಿದ್ದಳಂತೆ.

"ಬಾ, ನಿನಗೇ ಕಾಯ್ತಿದ್ದೆ ಅಂದ್ರು. ಅವತ್ತು ಚಿಲಕ ಹಾಕಿದ್ದಿದ್ರೆ ಇವತ್ತು ನಾನಿರ್ತಿರ್ಲಿಲ್ಲ ಅಣ್ಣ."

ಅವನಿಗೆ ತಲೆಬುಡ ತಿಳಿಯಲಿಲ್ಲ. ಎರಡೂ ಅವಳಾಡುವಂಥ ಮಾತುಗಳೇ. ಕರೆದು ಅವಳ ಧ್ಯಾನ ಕೆಡಿಸಿದೆನೋ, ಕರೆದು ಅವಳನ್ನು ಉಳಿಸಿದೆನೋ? ಕೇಳೋಣವೆಂದರೆ ಉತ್ತರ ಗೊತ್ತಿದ್ದವಳು ಚಾಪೆಯ ಮೇಲಿದ್ದಳು.

ಸ್ಕ್ರೂಡ್ರೈವರ್ ತಂದು ಬಣ್ಣ ಕೆರೆದ, ಎಣ್ಣೆ ಬಿಟ್ಟ, ಚಿಲಕ ಹಾಕಿದ. ಅವಳ ಪಕ್ಕದಲ್ಲಿ ಗೋಡೆಗೊರಗಿ ಕೂತ. ಹೇಳಬೇಕಾದ್ದು ಬೇಕಾದಷ್ಟಿತ್ತು, ಈ ಗಂಟೆ ಅವಳದು ಎಂದು ಬಾಯಿ ಬಿಡಲಿಲ್ಲ.

ಹೊರಗಿನಿಂದ ಯಾರೋ ಕದ ತಟ್ಟಿದರು. ಗಾಡಿ ಬಂದಿತ್ತು. ಅವನು ಎದ್ದೇಳಲಿಲ್ಲ. ಅವಳು "ಬಂದೆ" ಎನ್ನುವುದಕ್ಕೆ ತಾನು ಕಾಯುತ್ತಿದ್ದೇನೆಂದು ಅವನಿಗೇ ಹೊಳೆದದ್ದು ಎರಡನೇ ಸಲ ತಟ್ಟಿದಾಗ.

ಚಿಲಕಕ್ಕೆ ಕೈಚಾಚಿದಾಗ ಕಾಲಿಗೆ ಏನೋ ತಗುಲಿತು. ಬಾಗಿಲ ಬದಿಯಲ್ಲಿ ಅವಳ ಮನೆಚಪ್ಪಲಿಗಳು ಜೋಡಿಯಾಗಿ ಇದ್ದವು, ಮೂತಿ ಹೊರಗಡೆಗೆ.