ಒಳ್ಳೇ ಗಂಟು

ದರ್ಜಿಯಮ್ಮನ ಮಗಳಿಗೆ ಒಂಬತ್ತು ವರ್ಷ. ಆಗಿದ್ದ ಆಪರೇಷನ್ನು ಹನ್ನೆರಡು. ಶ್ವಾಸನಾಳದ ಬಾಯಲ್ಲೇ ಹೂಕೋಸಿನ ಎಸಳಿನಂಥ ಗಂಟುಗಳು. ಡಾಕ್ಟರು ಸುಟ್ಟು ತೆಗೆದರೆ, ಮೂರು ನಾಲ್ಕು ತಿಂಗಳಿಗೆ ಏನೂ ಆಗೇ ಇಲ್ಲವೆಂಬಂತೆ ಮತ್ತೆ ಹಾಜರು. "ಹೆದರಬೇಡಿ, ಇದು ಒಳ್ಳೇ ಗಂಟು, ಕ್ಯಾನ್ಸರ್ ಅಲ್ಲ" ಎಂದು ಮೊದಲ ದಿನ ಡಾಕ್ಟರು ಸಮಾಧಾನಕ್ಕೆ ಅಂದ ಮಾತೇ ಮುಳುವಾಯಿತು. ಆ 'ಒಳ್ಳೇ' ಎಂಬುದು ಕಡತಕ್ಕೆ ಅಂಟಿಕೊಂಡು, ಪ್ರತಿ ಸಲವೂ ಹುಡುಗಿಯನ್ನು ಆಪರೇಷನ್ ಪಟ್ಟಿಯ ಕೊನೆಗೆ ತಳ್ಳುತ್ತಿತ್ತು.

ತಾಯಿಗೆ ತನ್ನದೇ ಅಳತೆಯೊಂದಿತ್ತು. ಬೆಳಿಗ್ಗೆ ಜಡೆ ಹೆಣೆಯುವಾಗ ಏಳರ ಮಗ್ಗಿಯನ್ನು ಒಂದೇ ಉಸಿರಿಗೆ ಹೇಳಿಸುವುದು. ಆಪರೇಷನ್ ಆದ ಹೊಸದರಲ್ಲಿ ಮಗಳು ಎಪ್ಪತ್ತು ಮುಟ್ಟುತ್ತಿದ್ದಳು. ಈ ವಾರ ಇಪ್ಪತ್ತೆಂಟಕ್ಕೇ ಉಸಿರು ಮುಗಿದು, ಒಳಗಿನಿಂದ ಸಣ್ಣ ಸೀಟಿ ಕೇಳುತ್ತಿತ್ತು.

"ಎರಡು ತಿಂಗಳು ಬಿಟ್ಟು ಬನ್ನಿ," ಎಂದ ಆಸ್ಪತ್ರೆಯ ಕಿಟಕಿಯಾಚೆ ಕೂತು ಆಪರೇಷನ್ನಿಗೆ ದಿನಾಂಕ ಕೊಡುವ ಗುಮಾಸ್ತ, ಕಡತದಿಂದ ತಲೆಯೆತ್ತದೆ.

"ಅಲ್ಲಿವರೆಗೆ ತಡಿಯಲ್ಲ ಸ್ವಾಮಿ. ಏಳರ ಮಗ್ಗಿ ನಾಲ್ಕಕ್ಕೇ ನಿಂತೋಗ್ತಿದೆ."

"ಮಗ್ಗಿ ಬರದೇ ಇದ್ರೆ ಮೇಷ್ಟ್ರ ಹತ್ರ ಕರ್ಕೊಂಡ್ಹೋಗಿ ತಾಯಿ. ಇದು ಆಸ್ಪತ್ರೆ."

ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು. ದರ್ಜಿಯಮ್ಮನ ಮೈ ಉರಿದುಹೋಯಿತು. "ಹೇಳೇ ಪುಟ್ಟಿ, ಇವ್ರಿಗೆ ಕೇಳ್ಸೋ ಹಾಗೆ ಹೇಳು."

ಪುಟ್ಟಿ ಮುಖ ತಿರುಗಿಸಿದಳು. "ಹೇಳಲ್ಲ. ನಾನೇನು ಗಿಣೀನಾ?"

"ಹೇಳೇ ಅಂದ್ರೆ!"

"ಹೋಗಮ್ಮ ನೀನು!"

"ನೋಡಿ, ಜಗಳಕ್ಕೆ ಉಸಿರು ಚೆನ್ನಾಗೇ ಇದೆ," ಎಂದ ಗುಮಾಸ್ತ. "ಒಳ್ಳೇ ಗಂಟು ತಾನೆ? ಏನೂ ಆಗಲ್ಲ. ಮುಂದಿನವ್ರು ಯಾರು?"

ಹುಡುಗಿ ಕಿಟಕಿಯ ಕಂಬಿ ಹಿಡಿದು ತುದಿಗಾಲಲ್ಲಿ ನಿಂತಳು. "ಅಷ್ಟು ಒಳ್ಳೇದಾದ್ರೆ ನೀವೇ ಇಟ್ಕೊಳ್ಳಿ! ನಿಮ್ಮ ಗಂಟಲಲ್ಲಿ..."

ಮುಂದಿನ ಮಾತು ಬರಲಿಲ್ಲ. ಕತ್ತಿನ ಬುಡದ ಗುಳಿ ಒಳಕ್ಕೆ ಸೆಳೆದುಕೊಂಡಿತು. ಮನೆಯಲ್ಲಿ ತಾಯಿಯೊಬ್ಬಳಿಗೇ ಕೇಳಿಸುತ್ತಿದ್ದ ಸೀಟಿ ಈಗ ಇಡೀ ಸಾಲಿಗೆ ಕೇಳಿಸಿತು. ನಕ್ಕವರು ಜಾಗ ಬಿಟ್ಟು ಸರಿದರು. ಗುಮಾಸ್ತ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಫೋನಿಗೆ ಕೈಹಾಕಿದ.

ಗಾಲಿಕುರ್ಚಿ ಬಂತು, ಆಕ್ಸಿಜನ್ ಬಂತು. ಡಾಕ್ಟರು ಮೆಟ್ಟಿಲಿಳಿದು ಓಡಿಬಂದು, ಹುಡುಗಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, "ಈಗಲೇ ಥಿಯೇಟರಿಗೆ!" ಎಂದು ನರ್ಸಿಗೆ ಕೂಗಿದರು. ಆಮೇಲೆ ತಾಯಿಯತ್ತ ತಿರುಗಿ ಗದರಿದರು: "ಉಸಿರು ಇಷ್ಟು ಬಿಗಿಯಾಗೋವರೆಗೂ ಯಾಕಮ್ಮ ಸುಮ್ನಿದ್ರಿ?"

ದರ್ಜಿಯಮ್ಮ ಹಲ್ಲು ಕಚ್ಚಿಕೊಂಡು ಒಪ್ಪಿಗೆಯ ಕಾಗದಕ್ಕೆ ಹದಿಮೂರನೇ ಸಲ ಸಹಿ ಹಾಕಿದಳು.

"ಮೊದ್ಲು ಒಳಗೆ ಕರ್ಕೊಂಡ್ಹೋಗಿ ಡಾಕ್ಟ್ರೇ," ಎಂದಳು. "ಅವಳು ಹೊರಗೆ ಬರ್ಲಿ. ಆಮೇಲೆ ಹೇಳ್ತೀನಿ, ನಾನೆಷ್ಟು ಸುಮ್ನಿದ್ದೆ ಅಂತ."