ಗೇಟು ಹಾಕಿದ ಫೈನಲ್ಲು

ವಕ್ಕಲೇರಿಯ ಮುರಳಿಮೋಹನ್ ಫುಟ್‌ಬಾಲ್ ರೆಫರಿಯಾಗಿ ಕೋಲಾರದ ಸುತ್ತಮುತ್ತೆಲ್ಲ ಹೆಸರು ಮಾಡಿದ್ದ. ಎಂಥ ಹೆಸರು ಎಂದು ಮಾತ್ರ ಕೇಳಬಾರದು. ಮಾಲೂರಿನಲ್ಲಿ ಮ್ಯಾಚು ನಡೆದರೆ ಮಾಲೂರಿಗೆ ಪೆನಾಲ್ಟಿ, ಮುಳಬಾಗಿಲಿನಲ್ಲಿ ನಡೆದರೆ ಮುಳಬಾಗಿಲಿಗೆ. ಆಟ ಮುಗಿಯುವಷ್ಟರಲ್ಲಿ ಸೋತ ಊರಿನ ಕಡೆಯವರು ಯಾರೋ ಅವನ ಸ್ಕೂಟರಿನ ಎರಡೂ ಚಕ್ರದ ಗಾಳಿ ಬಿಟ್ಟು ಹೋಗಿರುತ್ತಿದ್ದರು. ಹಾಗಾಗಿ ಡಿಕ್ಕಿಯಲ್ಲಿ ಸದಾ ಒಂದು ಪಂಪು ಇಟ್ಟುಕೊಂಡೇ ಓಡಾಡುತ್ತಿದ್ದ.

"ನಂದೇನೂ ತಪ್ಪಿಲ್ಲ ಕಣೇ," ಎಂದು ಹೆಂಡತಿ ಸುನಂದಳಿಗೆ ಹೇಳುತ್ತಿದ್ದ. "ಅಷ್ಟು ಜನ ಕಿವಿ ಹತ್ರ ಬಾಯಿ ಬಡ್ಕೊಂಡ್ರೆ ಧರ್ಮರಾಯನಿಗೂ ತಲೆ ಕೆಡುತ್ತೆ. ಆ ಜನಾನ ಒಂದಿನ ಆಚೆ ಹಾಕ್ಲಿ, ಆಮೇಲೆ ನೋಡು ನನ್ನ ನ್ಯಾಯ."

"ನೋಡೋಣ ಬಿಡಿ," ಎನ್ನುತ್ತ ಸುನಂದ ರೇಷ್ಮೆ ಹುಳುವಿಗೆ ಸೊಪ್ಪು ಹಾಕಲು ಎದ್ದು ಹೋಗುತ್ತಿದ್ದಳು.

ಆ ದಿನ ಬಂದೇಬಿಟ್ಟಿತು. ಕೊರೊನಾದ ಎರಡನೇ ವರ್ಷ, ಮಾಲೂರು ಮತ್ತು ಶ್ರೀನಿವಾಸಪುರದ ನಡುವಿನ ಫೈನಲ್ಲನ್ನು ಕೋಲಾರದಲ್ಲಿ ಬೆಳಿಗ್ಗೆಯೇ ಗೇಟು ಹಾಕಿಕೊಂಡು ಆಡಿಸುವುದೆಂದು ತೀರ್ಮಾನವಾಯಿತು. ಆಟಗಾರರು ಮತ್ತು ರೆಫರಿಗಳನ್ನು ಬಿಟ್ಟರೆ ಒಳಗಿದ್ದವರು ಫುಟ್‌ಬಾಲ್ ಸಂಘದ ಲಕ್ಷ್ಮೀನಾರಾಯಣ ಎಂಬ ಹಿರಿಯರೊಬ್ಬರೇ. ಮುರಳಿಮೋಹನನಿಗೆ ಬಡ್ತಿ ಕೊಡಬಹುದೋ ಇಲ್ಲವೋ ಎಂದು ಅವರು ಹೇಳಬೇಕಿತ್ತು. ಗೋಡೆಯಾಚೆ ಟೊಮೆಟೊ ಮಂಡಿ. ತಾನು ಜನಕ್ಕೆ ಹೆದರುವವನೇ ಹೊರತು ಅನ್ಯಾಯದವನಲ್ಲ ಎಂದು ತೋರಿಸಲು ಮುರಳಿಮೋಹನನಿಗೆ ಇದಕ್ಕಿಂತ ಒಳ್ಳೆಯ ದಿನ ಸಿಗುವಂತಿರಲಿಲ್ಲ.

ಶ್ರೀನಿವಾಸಪುರದ ಉಮಾಶಂಕರ್ ಬೀಳುವುದರಲ್ಲಿ ನಿಸ್ಸೀಮ. ಎದುರಾಳಿಯ ನೆರಳು ತಾಗಿದರೂ ಸಾಕು, "ಅಮ್ಮಾ" ಎಂದು ಕೂಗಿ ಉರುಳಾಡಿಬಿಡುತ್ತಿದ್ದ. ಅಂದೂ ಅಭ್ಯಾಸಬಲದಿಂದ ಒಮ್ಮೆ ಬಿದ್ದ, ಒಂದು ಸುತ್ತು ಉರುಳಿದ, ತಲೆ ಎತ್ತಿ ಗ್ಯಾಲರಿಯ ಖಾಲಿ ಮೆಟ್ಟಿಲುಗಳನ್ನು ನೋಡಿದ. ಯಾರ ಸಂಪತ್ತಿಗೆ ಉರುಳಬೇಕು? ಚಡ್ಡಿಯ ಮಣ್ಣು ಕೊಡವಿಕೊಂಡು ಎದ್ದು ಹೋದ. ಆಮೇಲೆ ಬರೀ ಫುಟ್‌ಬಾಲ್ ಆಡಿದ. ಪುಣ್ಯಾತ್ಮನಿಗೆ ಅದೂ ಚೆನ್ನಾಗಿ ಬರುತ್ತಿತ್ತು.

ಮುರಳಿಮೋಹನನಿಗೆ ಮಾತ್ರ ಒಳಗೊಳಗೇ ದಿಗಿಲು. ತನ್ನ ಬೂಟಿನ ಸದ್ದು ತನಗೇ ಕೇಳುತ್ತಿತ್ತು. ಸೀಟಿ ತುಟಿಗಿಟ್ಟರೆ ಉಸಿರು ಹೊರಡುತ್ತಿರಲಿಲ್ಲ. ಅರ್ಧ ಆಟ ಮುಗಿಯುವಷ್ಟರಲ್ಲಿ ಅವನಿಗೆ ವಿಷಯ ಹೊಳೆಯಿತು: ಇಷ್ಟು ವರ್ಷ ತಾನು ಕಣ್ಣಿನಿಂದ ನೋಡುತ್ತಿದ್ದರೂ ಊದುತ್ತಿದ್ದದ್ದು ಜನ 'ಹೋ' ಎಂದ ಮೇಲೆಯೇ.

ಆಟ ಮುಗಿಯಲು ಸ್ವಲ್ಪವೇ ಹೊತ್ತಿತ್ತು, ಗೋಲು ಸಮ. ಮಾಲೂರಿನ ಗೋಲಿನ ಮುಂದೆ ಅವರ ಡಿಫೆಂಡರು ಚೆಂಡು ಬಿಟ್ಟು ಉಮಾಶಂಕರನ ಹಿಮ್ಮಡಿಗೆ ಒದ್ದ. ಮುರಳಿಮೋಹನನ ಕಣ್ಣೆದುರೇ ಒದ್ದ. ಉಮಾಶಂಕರ್ ಕೂಗಲಿಲ್ಲ, ಹಲ್ಲು ಕಚ್ಚಿ ಕುಸಿದು ಕೂತ. ಮುರಳಿಮೋಹನ್ ಸೀಟಿ ಬಾಯಲ್ಲಿಟ್ಟುಕೊಂಡು ಕಾದ. 'ಹೋ' ಎನ್ನುವವರು ಯಾರೂ ಇರಲಿಲ್ಲ. ಚೆಂಡು ಆ ತುದಿಗೆ, ಶ್ರೀನಿವಾಸಪುರದ ಗೋಲಿನ ಮುಂದಕ್ಕೆ ಹೋಯಿತು. ಅಲ್ಲಿ ಮಾಲೂರಿನ ಹುಡುಗನೊಬ್ಬ ತನ್ನ ಕಾಲು ತಾನೇ ತೊಡರಿಕೊಂಡು ಬಿದ್ದ. ಅದೇ ಹೊತ್ತಿಗೆ ಮಂಡಿಯ ಹರಾಜಿನಲ್ಲಿ ಟೊಮೆಟೊ ರೇಟು ಏರಿತೋ ಏನೋ, ಗೋಡೆಯಾಚೆಯಿಂದ 'ಹೋ' ಎಂಬ ಕೂಗು ಎದ್ದಿತು.

ಸೀಟಿ ತಾನಾಗಿಯೇ ಕೂಗಿತು. ಮಾಲೂರಿಗೆ ಪೆನಾಲ್ಟಿ.

ಚೆಂಡು ಒದೆಯುವ ಮುಂಚೆ ತೀರ್ಪು ಬದಲಿಸಲು ನಿಯಮ ಒಪ್ಪುತ್ತದೆ. ಅದು ಮುರಳಿಮೋಹನನಿಗೆ ಗೊತ್ತಿತ್ತು. ಹೊಡೆಯಲು ಬರುವವರಿರಲಿಲ್ಲ, ನಗುವವರೂ ಇರಲಿಲ್ಲ. ಆದರೆ ಬದಲಿಸಿದರೆ ತಪ್ಪು ತನ್ನದೆಂದು ಒಪ್ಪಬೇಕು, ಅದನ್ನು ಹೊರಿಸಲು ಜನ ಕೂಡ ಇರಲಿಲ್ಲ. ಅದೊಂದಕ್ಕೇ ಅವನು ಹೆದರಿದ. ಪೆನಾಲ್ಟಿ ಜಾಗದತ್ತ ಚಾಚಿದ ಕೈಯನ್ನು ಇನ್ನಷ್ಟು ನೆಟ್ಟಗೆ ಮಾಡಿದ. ಮಾಲೂರು ಗೆದ್ದಿತು.

"ಜನ ಇಲ್ದಿದ್ರೆ ಎಷ್ಟು ಗಟ್ಟಿ ಕಣ್ರೀ ನೀವು," ಎಂದು ಲಕ್ಷ್ಮೀನಾರಾಯಣ ಬೆನ್ನು ತಟ್ಟಿದರು. "ಒಂಚೂರೂ ಅಲುಗಾಡ್ಲಿಲ್ಲ. ಬಡ್ತಿ ಆಯ್ತು ಅಂತ ತಿಳ್ಕೊಳ್ಳಿ."

ಮುರಳಿಮೋಹನ್ ಗೇಟಿನಾಚೆ ಬಂದು, ರೂಢಿಯಂತೆ ಡಿಕ್ಕಿಯಿಂದ ಪಂಪು ತೆಗೆದು ಬಗ್ಗಿದ. ಚಕ್ರ ಒತ್ತಿ ನೋಡಿದ. ಎರಡೂ ಕಲ್ಲಿನ ಹಾಗೆ ಗಟ್ಟಿಯಾಗಿದ್ದವು. ಎಂದೂ ಆಗದಷ್ಟು ಅವಮಾನ ಅವನಿಗೆ ಆಗ ಆಯಿತು.

ಉಮಾಶಂಕರ್ ಕುಂಟುತ್ತ ಬಂದು ಎದುರು ನಿಂತ.

"ನೋಡಿದ್ರಿ ಅಲ್ವಾ ಸಾರ್?"

"ನೋಡ್ದೆ ಕಣಪ್ಪ."

"ನಾನು ಕೂಗ್ಬೇಕಾಗಿತ್ತು. ಸುಳ್ಳುಸುಳ್ಳೇ ಬಿದ್ದಾಗೆಲ್ಲ ಕೂಗ್ತಿದ್ದೆ. ನಿಜವಾಗ್ಲೂ ನೋವಾದಾಗ ಯಾರಿಗೆ ಕೂಗೋದು ಅನ್ನಿಸ್ಬಿಡ್ತು."

ಅವನು ಪಂಪನ್ನು ನೋಡಿದ, ಸ್ಕೂಟರನ್ನು ನೋಡಿದ. ಆಮೇಲೆ ಊದಿದ ಕಾಲನ್ನು ಚಾಚಿ ಮೆಲ್ಲಗೆ ನೆಲಕ್ಕೆ ಕೂತು, ಮುಂದಿನ ಚಕ್ರದ ವಾಲ್ವಿನ ಮುಚ್ಚಳ ತಿರುಗಿಸಿ ತೆಗೆದು, ಒಳಗಿನ ಪಿನ್ನು ಒತ್ತಿದ.

"ಜನ ಬಂದಿಲ್ವಲ್ಲ ಸಾರ್, ಅದಕ್ಕೆ," ಎಂದ.

ಗಾಳಿ ಬುಸ್ಸೆಂದಿತು. ಮುರಳಿಮೋಹನ್ ತಡೆಯಲಿಲ್ಲ. ಚಕ್ರ ಪೂರ್ತಿ ನೆಲಕ್ಕೆ ಕೂರುವವರೆಗೂ ನಿಂತು ನೋಡಿದ. ಬೆಳಿಗ್ಗೆಯಿಂದ ಬಿಗಿದಿದ್ದ ಅವನ ಎದೆ ಸ್ವಲ್ಪ ಹಗುರಾಯಿತು.

"ಹಿಂದಿನದೂ ಬಿಡಪ್ಪ," ಎಂದ.