ತೊಟ್ಟಿ ನೆಟ್ಟಗೆ ನಿಲ್ಲುವವರೆಗೆ

ಒಂದು ಊರಂತೆ, ಆ ಊರಲ್ಲೊಬ್ಬಳು ತಂಗಿಯಂತೆ. ಬೆಳಗಾದರೆ ಅಣ್ಣನನ್ನು ಪಾತಾಳಕ್ಕಿಳಿಸುವುದು, ಸಂಜೆಯಾದರೆ ಮೇಲೆತ್ತಿಕೊಳ್ಳುವುದು ಅವಳ ಪಾಲಿನ ಕೆಲಸವಂತೆ. ಅಜ್ಜಿ ಹೇಳುವ ಕತೆಯಲ್ಲಾಗಿದ್ದರೆ ಅದಕ್ಕಾಗಿ ಅವಳಿಗೊಂದು ಮಾರುದ್ದದ ಜಡೆಯಿರುತ್ತಿತ್ತು. ಇವಳಿಗಿದ್ದದ್ದು ಗಾಜಿನ ಕೋಣೆ, ಎರಡು ಪರದೆ, ಒಂದು ಸನ್ನೆಕೋಲು. ಆಚೆ ಆ ಕೋಲು ತಿರುಗಿಸುವ ಮನೆಯಷ್ಟೆತ್ತರದ ಉರುಳೆ, ಅದಕ್ಕೆ ಸುತ್ತಿದ ಉಕ್ಕಿನ ಹಗ್ಗ, ಹಗ್ಗದ ತುದಿಗೆ ಆಳು ಮುಳುಗುವ ತೊಟ್ಟಿ. ಹೊಸ ಗಣಿಗೆ ಬಾವಿ ತೋಡುವವರು ಆ ತೊಟ್ಟಿಯಲ್ಲೇ ಇಳಿದು ಅದರಲ್ಲೇ ಹತ್ತಬೇಕು.

ಅವತ್ತು ಮಧ್ಯಾಹ್ನ ತಳದಿಂದ ಫೋನಿನಲ್ಲಿ ಅಣ್ಣನ ದನಿ ಬಂದಾಗ ಅದರ ಹಿಂದೆ ಭೋರೆಂಬ ಸದ್ದಿತ್ತು.

"ತಂಗೀ, ಮುಂದೆ ನೀರಿದೆಯಾ ಅಂತ ನೋಡೋಕೆ ಬಂಡೆ ಕೊರೆದಿದ್ವಲ್ಲ, ಆ ತೂತಿಂದ್ಲೇ ನುಗ್ತಿದೆ. ಬಿರಡೆ ಕಿತ್ಕೊಂಡು ಹೋಯ್ತು. ತೊಟ್ಟಿ ಬಿಡು. ಗಾಬರಿ ಬೀಳ್ಬೇಡ."

ಅವಳು ಸನ್ನೆಕೋಲು ನೂಕಿದಳು; ತೊಟ್ಟಿ ಇಳಿಯತೊಡಗಿತು. ಬೆಳಗ್ಗೆ ಬಾಗಿಲಲ್ಲಿ ಅತ್ತಿಗೆ ಎಂದಿನಂತೆ ಕೆಣಕಿದ್ದಳು: "ಇಳ್ಸೋಳೂ ನೀನೇ, ಎತ್ತೋಳೂ ನೀನೇ. ನನ್ನ ಗಂಡ ನನಗಿಂತ ನಿನ್ನ ಕೈಲೇ ಜಾಸ್ತಿ ಇರ್ತಾರೆ ಕಣೇ."

"ಸುಮ್ನಿರಿ ಅತ್ತಿಗೆ, ನಿಮ್ಮ ಸ್ವತ್ತು ನಿಮ್ಮ ಕೈಗೇ ಒಪ್ಪಿಸ್ತೀನಿ," ಎಂದು ಇವಳೂ ನಕ್ಕಿದ್ದಳು.

ತೊಟ್ಟಿ ತಳ ಮುಟ್ಟಿತು. ಪರದೆಯ ತುಂಬ ಬರೀ ನೀರಹನಿ. ಕೆಳಗಿನ ಕ್ಯಾಮೆರಾ ಕುರುಡಾಗಿತ್ತು. ಎತ್ತು ಎಂದು ಗಂಟೆ ಬಡಿಯಿತು. ಆಳೆತ್ತರಕ್ಕೆ ಎತ್ತಿ ನಿಲ್ಲಿಸಿದಳು. ನಿಲ್ಲಿಸಲೇಬೇಕು. ನೆಲ ಬಿಟ್ಟ ತೊಟ್ಟಿ ಅತ್ತಿತ್ತ ತೂಗುತ್ತದೆ. ಮೇಲೆ ಬಾವಿಯೊಳಗೆ ತೂಗುಹಾಕಿದ ಉಕ್ಕಿನ ಅಟ್ಟಣಿಗೆಯಲ್ಲಿ ತೊಟ್ಟಿ ತೂರಿಬರುವ ಕಂಡಿ ಅದಕ್ಕಿಂತ ತುಸುವೇ ಅಗಲ. ತೂಗುತ್ತಿರುವಾಗಲೇ ಎಳೆದರೆ ಅಂಚಿಗೆ ಸಿಕ್ಕಿ ಬೋರಲಾದೀತು. ನೆಟ್ಟಗೆ ನಿಂತಿದೆಯೆಂದು ಕೆಳಗಿನವರು ಇನ್ನೊಮ್ಮೆ ಗಂಟೆ ಬಡಿದ ಮೇಲೆಯೇ ಮುಂದಿನ ಮಾತು.

ಗಂಟೆ ಬರಲಿಲ್ಲ.

ಬಾವಿಬಾಯಿಯ ಬಾಗಿಲು ಕಾಯುವ ಮುದುಕ, ಎಲ್ಲರೂ ಗೊಣಗಪ್ಪನೆಂದೇ ಕರೆಯುತ್ತಿದ್ದವನು, ಓಡಿಬಂದು ಗಾಜು ಬಡಿದ.

"ಏನಮ್ಮಾ, ನಿದ್ದೆ ಬಂತಾ? ಎಳಿಯೇ! ಮುಳುಗಿಹೋಗ್ತಾರೆ!"

"ಗಂಟೆ ಬಂದಿಲ್ಲ ಮಾವ."

"ಗಂಟೆ ತಂತಿನೇ ಹರಿದಿದ್ರೆ? ನಿಮ್ಮಣ್ಣ ಕಣೇ ಅವನು!"

"ಅಣ್ಣ ಅಂತಾನೇ ಎಳೀತಿಲ್ಲ! ಕೂಗ್ಬೇಡಿ!"

ಹರಿದಿದ್ದರೆ? ಆ ಮಾತು ಎದೆಯೊಳಗೆ ಹೊಕ್ಕು ಕೂತಿತು. ಸನ್ನೆಕೋಲಿನ ಮೇಲಿದ್ದ ಬಲಗೈ ತಾನಾಗಿ ಜರುಗತೊಡಗಿತು. ಅದು ಬೇರೆ ಯಾರದೋ ಕೈಯೆಂಬಂತೆ ಎಡಗೈಯಿಂದ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು. ಎರಡನೆಯ ಪರದೆಯಲ್ಲಿ ಹಗ್ಗ ಹೊತ್ತ ಭಾರದ ಅಂಕಿ ನಡುಗುತ್ತಿತ್ತು. ನಡುಗಿ, ಚೂರು ಮೇಲೇರಿತು. ಒಬ್ಬ ಆಳಿನಷ್ಟು. ತೊಟ್ಟಿ ತೂಗದಂತೆ ಕೆಳಗೆ ನಿಂತು ಹಿಡಿದಿದ್ದ ಯಾರೋ ಈಗಷ್ಟೇ ಅದರ ಅಂಚು ಹಿಡಿದು ಹತ್ತಿದ್ದರು. ಎಳೆದಿದ್ದರೆ ಅವರು ನೀರಲ್ಲೇ ಉಳಿಯುತ್ತಿದ್ದರು. ಅಂಕಿಯ ನಡುಕ ಮೆಲ್ಲಗೆ ಇಳಿಯಿತು.

ಟಣ್.

ಮಣಿಕಟ್ಟು ಬಿಟ್ಟು ಸನ್ನೆಕೋಲು ಎಳೆದಳು, ಅಟ್ಟಣಿಗೆ ದಾಟುವವರೆಗೆ ಮೆಲ್ಲಗೆ. ತೊಟ್ಟಿ ಬೆಳಕಿಗೆ ಬಂತು, ಅದರಡಿ ಉಕ್ಕಿನ ಬಾಗಿಲು ಮುಚ್ಚಿತು. ಕೆಸರು ಮೆತ್ತಿದವರು ಒಬ್ಬೊಬ್ಬರಾಗಿ ಇಳಿದರು. ಕಟ್ಟಕಡೆಗೆ ಅಣ್ಣ, ಒಂದು ಕಾಲಿಗೆ ಬೂಟಿಲ್ಲದೆ.

ಗಣಿಯ ಸೈರನ್ ಕೇಳಿದ ಅತ್ತಿಗೆ ಸೋಪಿನ ನೊರೆಯ ಕೈಯಲ್ಲೇ ಗೇಟಿಗೆ ಓಡಿಬಂದಿದ್ದಳು. ತಂಗಿ ಅಣ್ಣನ ಒದ್ದೆ ತೋಳು ಹಿಡಿದು ಅಲ್ಲಿಯವರೆಗೆ ನಡೆಸಿಕೊಂಡು ಹೋದಳು.

"ತಗೊಳ್ಳಿ," ಎಂದಳು.

ಆದರೆ ಅವಳ ಬೆರಳು ಬಿಚ್ಚಲಿಲ್ಲ. ಅತ್ತಿಗೆ ಅಂಗಿಯ ತೋಳನ್ನು ಹಿಡಿದಿದ್ದ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು.